ಸವಿತಾ ಅತ್ತೆ ಕೊರಿಯನ್ ಕಲಿತ ಮನೆ

ಹೊಸ ಕಾಟನ್ ಸೀರೆಯ ಮಡಿಕೆಯನ್ನು ಮೊದಲ ಸಲ ಬಿಚ್ಚಿದಾಗ ಅದರೊಳಗಿಂದ ಗಂಜಿಯ ವಾಸನೆ ಬರುತ್ತದೆ. ತುಸು ಹುಳಿ, ತುಸು ಅನ್ನದ ತಿಳಿಯಂಥದು. ಅದರ ಹಿಂದೆ, ಮೂಗು ಹತ್ತಿರ ಒಯ್ದರೆ ಮಾತ್ರ ತಿಳಿಯುವಷ್ಟು, ಮಗ್ಗದ ಎಣ್ಣೆಯ ವಾಸನೆ. ಹೋದ ತಿಂಗಳು ಗೆಳತಿಯ ಮದುವೆಗೆಂದು ಜಮಖಂಡಿಯ ಅಂಗಡಿಯೊಂದರಲ್ಲಿ ಸೀರೆ ನೋಡುತ್ತ ಕೂತಿದ್ದಾಗ ಅಂಗಡಿಯವನು ಒಂದನ್ನು ಝಾಡಿಸಿ ನನ್ನ ಮುಂದೆ ಹರಡಿದ. ಬಣ್ಣ ಕಾಣುವ ಮೊದಲೇ ವಾಸನೆ ಬಡಿಯಿತು, ನಾನು ಬನಹಟ್ಟಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿದ್ದೆ. ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಸಿಮೆಂಟ್ ಚೀಲಗಳ ಗೋದಾಮು ಇದೆ. ಒಳಗಿದ್ದ ನಾಲ್ಕು ಪವರ್‌ಲೂಮ್ ಗುಜರಿಗೆ ಹೋದವು. ಅಜ್ಜನೂ ಇಲ್ಲ, ನಾವು ಆಯಿ ಎನ್ನುತ್ತಿದ್ದ ಅಜ್ಜಿಯೂ ಇಲ್ಲ. ನೀವೂ ಅಂಥದೊಂದು ಮನೆಯನ್ನು ಕಳೆದುಕೊಂಡವರಾದರೆ ನಿಮಗೆ ಗೊತ್ತಿರುತ್ತದೆ: ಎಷ್ಟು ಕಿಟಕಿ ಇದ್ದವು, ಅಟ್ಟದ ಮೆಟ್ಟಿಲು ಯಾವ ಕಡೆಗಿತ್ತು ಎಂಬುದೆಲ್ಲ ಮರೆತುಹೋಗುತ್ತದೆ, ಅಲ್ಲಿ ನಡೆದ ಹುಚ್ಚಾಟಗಳು ಮಾತ್ರ ಮರೆಯುವುದಿಲ್ಲ. ನಮ್ಮ ಮನೆಯ ದೊಡ್ಡ ಹುಚ್ಚಾಟವೆಂದರೆ ಸವಿತಾ ಅತ್ತೆಯ ಕೊರಿಯನ್.

ಸವಿತಾ ಅತ್ತೆ ನನ್ನ ಅಪ್ಪನ ಕೊನೆಯ ತಂಗಿ. ಜಮಖಂಡಿಯಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದಳು. ಬೆಳಿಗ್ಗೆ ಮಗ್ಗಕ್ಕೆ ಬೇಕಾದ ಕಂಡಿಕೆ, ಅಂದರೆ ಲಾಳಿಯೊಳಗೆ ಕೂರಿಸುವ ನೂಲಿನ ಕಡ್ಡಿ, ಸುತ್ತುತ್ತಿದ್ದಳು. ಸಂಜೆ ಬಂದ ವರಗಳನ್ನು ಬೇಡವೆನ್ನುತ್ತಿದ್ದಳು. ಅವಳಿಗೆ ಇಪ್ಪತ್ತೇಳಾಗಿತ್ತು, ಆದರೆ ವರನ ಕಡೆಯವರಿಗೆ ಹೇಳುವ ವಯಸ್ಸು ಮೂರು ವರ್ಷದಿಂದ ಇಪ್ಪತ್ತನಾಲ್ಕರಲ್ಲೇ ನಿಂತಿತ್ತು. ಆಗ ನನಗೆ ಹನ್ನೆರಡು. ಫೋನಿನ ಡೇಟಾ ಆಗಷ್ಟೇ ಅಗ್ಗವಾಗಿ ನಮ್ಮ ಓಣಿಗೂ ಬಂದಿತ್ತು. ಅದರಲ್ಲಿ ಅವಳು ಕಂಡುಹಿಡಿದದ್ದು, ದಕ್ಷಿಣ ಕೊರಿಯಾದ ದೇಗು ಎಂಬ ಊರೂ ಬಟ್ಟೆಯ ಊರೇ, ಅಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ಹೊರದೇಶದವರಿಗೆ ಫೀ ಇಲ್ಲದೆ ನೇಯ್ಗೆಯ ವಿದ್ಯೆ ಕಲಿಸುತ್ತಾರೆ, ಆದರೆ ಅವರ ಭಾಷೆ ಬರಬೇಕು, ಅವರ ಭಾಷೆಯಲ್ಲೇ ಸಂದರ್ಶನ ಕೊಡಬೇಕು. ಅಜ್ಜ ಇದನ್ನು ಕೇಳಿದ ಮರುದಿನ ಊಟದ ತಾಟಿನ ಮುಂದೆ ತೀರ್ಪು ಕೊಟ್ಟ. “ಸಿಕ್ಕರ ಹೋಗು. ಸಿಗಲಿಲ್ಲಂದ್ರ ಮುಧೋಳದವರಿಗೆ ಹೂಂ ಅನ್ನಬೇಕು. ನಡುವ ಇನ್ನೊಂದು ಮಾತಿಲ್ಲ.” ಮುಧೋಳದವರೆಂದರೆ ಸಕ್ಕರೆ ಕಾರ್ಖಾನೆಯ ನೌಕರಿಯ ಹುಡುಗ. ಕೆಟ್ಟವನಲ್ಲ. ನೋಡಲು ಬಂದಾಗ ಎರಡು ತಾಸಿನಲ್ಲಿ ಅವನು ಆಡಿದ್ದು ಒಂದೇ ಮಾತು: “ಚಾದಾಗ ಸಕ್ಕರಿ ಕಡಿಮಿ ಆಗೈತಿ.”

ನಮ್ಮ ಮನೆಯಲ್ಲಿ ಏನೇ ಕಲಿಯುವುದಿದ್ದರೂ ಕೂಗಿಯೇ ಕಲಿಯಬೇಕಿತ್ತು. ಒಳಗೆ ನಾಲ್ಕು ಮಗ್ಗ, ಎಡಕ್ಕೆ ಪಕ್ಕದ ಮನೆಯ ದುಂಡಪ್ಪ ಕಾಕಾನ ಆರು, ಎದುರಿನ ಸಾಲಿನಲ್ಲಿ ಹತ್ತೋ ಹನ್ನೆರಡೋ. ಬೆಳಗಿನ ಏಳರಿಂದ ಖಟಖಟ ಶುರುವಾದರೆ ಪಾತ್ರೆಗಳೂ ಸಣ್ಣಗೆ ನಡುಗುತ್ತಿದ್ದವು. ನಮ್ಮ ಓಣಿಯವರು ಬೇರೆ ಊರಿನ ಮದುವೆಗೆ ಹೋದರೆ ಜಗಳಕ್ಕೆ ಬಂದವರೆಂದು ಜನ ತಿಳಿಯುತ್ತಿದ್ದರು. ಅತ್ತೆ ಕಂಡಿಕೆ ಸುತ್ತುತ್ತ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕೊರಿಯನ್ ಶಬ್ದಗಳನ್ನು ಅದೇ ದನಿಯಲ್ಲಿ ಒದರುತ್ತಿದ್ದಳು. ಫೋನಿನಲ್ಲಿ ಪಾಠ ಹೇಳುತ್ತಿದ್ದ ಬೆಂಗಳೂರಿನ ಮೇಡಮ್ ಮೂರನೆಯ ದಿನ, “ಸವಿತಾ, ನನ್ನ ಮೇಲೆ ಏನಾದರೂ ಸಿಟ್ಟಿದೆಯಾ?” ಎಂದು ಕೇಳಿದರು. ಅಕ್ಷರಗಳನ್ನು ಅವಳು ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದಿದ್ದಳು. ಚೌಕ, ಗುಂಡು, ನಿಂತ ಗೆರೆ, ಮಲಗಿದ ಗೆರೆ. ಅಜ್ಜ ಕನ್ನಡಕ ಏರಿಸಿ ಬಹಳ ಹೊತ್ತು ಅವನ್ನು ನೋಡಿದ. “ಇದು ಯಾವ ದಡಿ ಬೇ? ಚಂದ ಐತಿ. ಒಂದು ಸೀರಿಗೆ ಹಾಕಿ ನೋಡೋಣೇನ?” ಅದು ಸೀರೆಯಂಚಿನ ದಡಿಯಲ್ಲ, ‘ನಮಸ್ಕಾರ’ ಎಂದು ಬರೆದದ್ದು ಎಂದು ಅತ್ತೆ ಹೇಳಿದಳು. ಅಜ್ಜನ ನಿಲುವು ಬದಲಾಗಲಿಲ್ಲ. ನಮಸ್ಕಾರ ಅಂತ ಬರೆದ ಸೀರೆಯನ್ನು ಯಾರು ಬೇಡವೆನ್ನುತ್ತಾರೆ ಎಂಬುದು ಅವನ ಪ್ರಶ್ನೆಯಾಗಿತ್ತು.

ಭಾಷೆಯನ್ನು ಅತ್ತೆ ಒಬ್ಬಳೇ ಕಲಿತಳು; ಪರದೇಶದಲ್ಲಿ ಬಾಳುವುದನ್ನು ಕಲಿಸಲು ಮಾತ್ರ ಓಣಿಯೇ ನಿಂತಿತು. ಮುಖ್ಯ ಗುರು ದುಂಡಪ್ಪ ಕಾಕಾ. ಅವನು ರಾಜ್ಯದ ಗಡಿಯಾಚೆ ಇಚಲಕರಂಜಿಯ ಮಗ್ಗಗಳಲ್ಲಿ ಆರು ವರ್ಷ ದುಡಿದು ಬಂದವನು, ಅಂದರೆ ಓಣಿಯ ಮಟ್ಟಿಗೆ ಪರದೇಶ ಕಂಡವನು. ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಜಗಿಯುತ್ತ ಪಾಠ ಮಾಡುತ್ತಿದ್ದ. “ಹೋದ ಕೂಡಲೇ ಮನಿ ಹುಡುಕಬ್ಯಾಡ, ಮೊದಲ ನೀರಿನ ನಳ ಎಲ್ಲೈತಿ ನೋಡ್ಕೋ. ನಳದ ಹತ್ರ ಮನಿ ಹಿಡಿ. ಮಂದಿ ನಕ್ಕರ ನೀನೂ ನಗು, ಯಾಕ ನಕ್ಕರು ಅಂತ ಆಮ್ಯಾಲ ತಿಳಕೋ.” ಇದರ ಎರಡನೆಯ ಭಾಗ ಬಹಳ ಉಪಯೋಗಕ್ಕೆ ಬಂತೆಂದು ಅತ್ತೆ ಮುಂದೆ ಹೇಳಿದ್ದಿದೆ. ಊಟದ ತಾಲೀಮು ಕಂಡಿಕೆಯ ಖಾಲಿ ಕಡ್ಡಿಗಳಲ್ಲಿ ನಡೆಯಿತು. ಎರಡು ಕಡ್ಡಿಗಳಲ್ಲಿ ಶೇಂಗಾ ಹಿಡಿದು ಒಂದು ತಾಟಿನಿಂದ ಇನ್ನೊಂದಕ್ಕೆ ಸಾಗಿಸಬೇಕು. ಹಾರಿ ಬಿದ್ದ ಶೇಂಗಾ ನನಗೆ. ಆಯಿ ಇದನ್ನು ನೋಡಿ ಹಣೆ ಬಡಿದುಕೊಂಡಳು. “ದೇವರು ಐದು ಬಟ್ಟು ಕೊಟ್ಟಾನು, ಅವನ್ನ ಬಿಟ್ಟು ಕಟ್ಟಿಗಿಲೆ ಉಣ್ಣತಾರಂತ!” ಆದರೆ ಅಲ್ಲಿಯ ಜನ ಹೊಸಬರನ್ನು ಕಂಡರೆ ಮೊದಲು ವಯಸ್ಸು ವಿಚಾರಿಸಿ, ದೊಡ್ಡವರೆಂದು ಗೊತ್ತಾದರೆ ಬಾಗಿ ಮರ್ಯಾದೆ ಕೊಡುತ್ತಾರೆ ಎಂದು ಕೇಳಿದಾಗ ಆಯಿಗೆ ಸಮಾಧಾನವಾಯಿತು. “ಛಲೋ ಮಂದಿ ಆತು ಹಂಗಾರ. ಆದ್ರ ನೀ ಇಪ್ಪತ್ತನಾಲ್ಕು ಅಂತನ ಹೇಳು. ಅಲ್ಲೊಂದು ಇಲ್ಲೊಂದು ಆಗೂದು ಬ್ಯಾಡ.”

ಸಂದರ್ಶನ ಒಂದು ಬುಧವಾರ ಬೆಳಿಗ್ಗೆ ಹನ್ನೊಂದೂವರೆಗೆ ಗೊತ್ತಾಯಿತು. ರಮೇಶ ಕಾಕಾ, ಅಂದರೆ ಅಪ್ಪನ ತಮ್ಮ, ಜಮಖಂಡಿಯ ಗೆಳೆಯನಿಂದ ಲ್ಯಾಪ್‌ಟಾಪ್ ತಂದ. ಹಿಂದಿನ ದಿನ ಅದನ್ನು ಪರೀಕ್ಷಿಸಿದಾಗ ಆ ಕಡೆಯ ಗೆಳೆಯನಿಗೆ ಮಗ್ಗದ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಜಮಖಂಡಿಗೆ ಹೋಗಿ ಕೂತರಾಯಿತೆಂದರೆ ಗೆಳೆಯನ ಮನೆಯಲ್ಲಿ ಗೃಹಪ್ರವೇಶದ ನೆಂಟರು ತುಂಬಿದ್ದರು. ಅಂದು ರಾತ್ರಿ ಅತ್ತೆ ಊಟ ಮಾಡಲಿಲ್ಲ. ಬೆಳಿಗ್ಗೆ ಅಜ್ಜ ಧೋತ್ರ ಉಟ್ಟು, ಟೊಪ್ಪಿಗೆ ಇಟ್ಟುಕೊಂಡು ಹೊರಟ. ಮೊದಲು ನಮ್ಮ ನಾಲ್ಕು ಮಗ್ಗ ನಿಲ್ಲಿಸಿದ, ಆಮೇಲೆ ಮನೆಮನೆಗೆ ಹೋಗಿ, ಅರ್ಧ ತಾಸು ನಿಲ್ಲಿಸಿರಿ ಎಂದು ಕೇಳಿದ. ಜ್ವರ ಬಂದರೂ ಮಗ್ಗ ಬಿಡದ ಮನುಷ್ಯ ತಾನೇ ಬಂದು ಕೇಳುವಾಗ ಯಾರೂ ಇಲ್ಲವೆನ್ನಲಿಲ್ಲ. ದುಂಡಪ್ಪ ಕಾಕಾನ ಆರೂ ನಿಂತವು. ಎದುರಿನ ಸಾಲು ಒಂದೊಂದಾಗಿ ನಿಂತಿತು. ಹನ್ನೊಂದೂ ಇಪ್ಪತ್ತಕ್ಕೆ ಓಣಿಯಲ್ಲಿ ಗುಬ್ಬಿಯ ದನಿ ಕೇಳಿಸಿತು. ಅಲ್ಲಿ ಗುಬ್ಬಿಗಳಿವೆ ಎಂಬುದು ನನಗೆ ಗೊತ್ತಾದದ್ದೇ ಅಂದು.

ನಮ್ಮ ಭಾಗದ ನೇಕಾರರ ಓಣಿ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು ಹೇಳಬೇಕು. ಕರೆಂಟು ಹೋದರೆ ಮಗ್ಗಗಳೆಲ್ಲ ಒಮ್ಮೆಗೇ ನಿಲ್ಲುತ್ತವೆ, ಜನ ಹೊರಗೆ ಬಂದು ಬೈಯುತ್ತಾರೆ. ಸಾವಾದರೆ ಹಾಗಲ್ಲ. ಸಾವಿನ ಮನೆಯ ಮಗ್ಗ ಮೊದಲು ನಿಲ್ಲುತ್ತದೆ, ಆಮೇಲೆ ಪಕ್ಕದ ಮನೆಯದು, ಆಮೇಲೆ ಅದರಾಚೆಯದು. ಸುದ್ದಿ ನಡೆದ ಹಾಗೆ ಮೌನ ನಡೆಯುತ್ತದೆ. ಯಾರೂ ಬೈಯುವುದಿಲ್ಲ. ಹಿಂದಿನ ಓಣಿಯವರು ಕಿವಿಗೊಟ್ಟು, ಎಲ್ಲಿಂದ ಶುರುವಾಯಿತೆಂದು ಅಂದಾಜು ಮಾಡಿ, ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಇಷ್ಟು ತಿಳಿದ ನಮ್ಮ ಮನೆಯ ಏಳು ಮಂದಿಯಲ್ಲಿ ಒಬ್ಬರಿಗೂ ಅದು ಅಂದು ಹೊಳೆಯಲಿಲ್ಲ.

ಪರದೆಯ ಮೇಲೆ ಇಬ್ಬರು ಪ್ರೊಫೆಸರುಗಳು ಬಂದರು, ಒಬ್ಬರು ವಯಸ್ಸಾದ ಗಂಡಸು, ಒಬ್ಬರು ಕನ್ನಡಕದ ಹೆಂಗಸು. ಅತ್ತೆ ಬಾಗಿ ನಮಸ್ಕರಿಸಿದಳು. ಅವರು ಕೇಳಿದರು, ಇವಳ ಬಾಯಿಂದ ಮಾತೇ ಹೊರಡಲಿಲ್ಲ. ಎಂಟು ತಿಂಗಳು ಗದ್ದಲದಲ್ಲಿ ಕಲಿತ ಭಾಷೆ ನಿಶ್ಶಬ್ದದಲ್ಲಿ ಎಲ್ಲೋ ಅಡಗಿಕೊಂಡಿತ್ತು. ಗಂಟಲಿನಿಂದ ಬಂದದ್ದು ಇರುವೆಯಂಥ ಒಂದು ದನಿ. ಎರಡನೆಯ ಪ್ರಶ್ನೆಗೂ ಅದೇ. ಕನ್ನಡಕದ ಹೆಂಗಸು ಏನೋ ಬರೆದುಕೊಂಡರು. ಅದೇ ಪಡಸಾಲೆಯ ಮೂಲೆಯ ಮಂಚದ ಮೇಲೆ, ‘ಏನ ಆದ್ರೂ ಬಾಯಿ ತೆರೀಬ್ಯಾಡ’ ಎಂದು ರಮೇಶ ಕಾಕಾ ಆಣೆ ಮಾಡಿಸಿದ್ದ ಆಯಿ ಕೂತಿದ್ದಳು. ಬಾಗಿಲ ಸಂದಿಯಲ್ಲಿ ನಿಂತ ನನಗೆ ಮುಧೋಳದವನ ಚಹಾದ ಬಸಿ ಕಣ್ಣ ಮುಂದೆ ಬಂತು.

ಆಗ ಬಾಗಿಲಲ್ಲಿ ಮಲ್ಲವ್ವನ ದನಿ ಎದ್ದಿತು. ಮಲ್ಲವ್ವ ಹಿಂದಿನ ಓಣಿಯವಳು. ಸುತ್ತಲಿನ ಯಾವ ಸಾವಿನಲ್ಲೂ ಮೊದಲು ಅಳುವವಳು ಅವಳೇ. ಅಜ್ಜ ಹೊರಗೇ ನಿಂತದ್ದು ಕಂಡು, ಹೋದವಳು ಆಯಿಯೇ ಎಂದುಕೊಂಡಿದ್ದಳು. “ಅಯ್ಯ ನನ್ನವ್ವಾ! ನಿನ್ನಿ ಸಂಜೀಕ ಕೈಯಾರೆ ಉಪ್ಪಿನಕಾಯಿ ಕೊಟ್ಟಿ, ಹೇಳದ ಕೇಳದ ಹೆಂಗ ಹ್ವಾದಿ ಬೇ!” ಅವಳ ಹಿಂದೆ ಜನ. ಎಷ್ಟು ಜನ ಎಂಬ ಬಗ್ಗೆ ಮನೆಯಲ್ಲಿ ಒಮ್ಮತವಿಲ್ಲ. ರಮೇಶ ಕಾಕಾ ಐವತ್ತು ಎನ್ನುತ್ತಾನೆ, ನಾನು ಎಣಿಸಿದ್ದು ಹದಿನೇಳು. ಒಬ್ಬನ ಕೈಯಲ್ಲಿ ಹೂವಿನ ಹಾರವಿತ್ತು, ಇನ್ನೊಬ್ಬಳ ಕೈಯಲ್ಲಿ ಹೊತ್ತಿಸಿದ ಊದಿನಕಡ್ಡಿ. ಅಜ್ಜ ಹೊರಗೆ ಕೈ ಅಡ್ಡ ಹಿಡಿದು ಏನೋ ಹೇಳಲು ಹೋದರೆ, ದುಃಖದಲ್ಲಿ ಮಾತು ತಪ್ಪುತ್ತಿದೆಯೆಂದು ಇಬ್ಬರು ಅವನನ್ನು ತಬ್ಬಿಕೊಂಡರು. ಆಯಿ ಆಣೆಗೆ ಕಟ್ಟುಬಿದ್ದು ಸುಮ್ಮನಿದ್ದಳು. ತನ್ನ ಗುಣಗಾನವನ್ನು ಅವಳು ಇನ್ನಷ್ಟು ಕೇಳಬೇಕೆಂದೇ ಸುಮ್ಮನಿದ್ದಳೆಂಬುದು ನನ್ನ ಅನುಮಾನ. ಆದರೆ ಮಲ್ಲವ್ವ ರಾಗ ಬದಲಿಸಿ, “ಸೊಸಿ ಹಾಕಿದ ತಂಗಳಾ ಉಂಡು ಸಾಕಾಗಿ ಹ್ವಾದಿ!” ಎಂದದ್ದೇ ತಡ, ನನ್ನ ಅವ್ವ ಅಡುಗೆಮನೆಯಿಂದ ಲಟ್ಟಣಿಗೆ ಹಿಡಿದು ಬಂದಳು. “ಯಾರಬೇ ತಂಗಳಾ ಹಾಕಿದಾಕಿ?” ಆಗ ಮಂಚದಿಂದ ಆಯಿಯ ಗರ್ಜನೆ ಹೊರಟಿತು. “ಸತ್ತಿಲ್ಲ ಬೇ ನಾ! ಬಾಯಿ ಮುಚ್ಚರಿ ಎಲ್ಲಾರೂ, ಹುಡುಗಿ ಪರೀಕ್ಷಾ ನಡದೈತಿ!”

ಪರದೆಯ ಮೇಲಿನ ಇಬ್ಬರೂ ಮುಂದಕ್ಕೆ ಬಾಗಿ ನೋಡುತ್ತಿದ್ದರು. ವಯಸ್ಸಾದವರು ಏನೋ ಕೇಳಿದರು. ಅತ್ತೆ ತಿರುಗಿ ಒಮ್ಮೆ ಬಾಗಿಲು ನೋಡಿದಳು, ಒಮ್ಮೆ ಆಯಿಯನ್ನು ನೋಡಿದಳು, ಆಮೇಲೆ ಬಾಯಿ ತೆರೆದಳು. ಅಳು, ಜಗಳ, ಸಮಾಧಾನಗಳ ಮೇಲಿಂದ ಕೇಳಿಸಬೇಕಲ್ಲ, ದನಿ ತಾನಾಗಿ ಮಗ್ಗದ ಮಟ್ಟಕ್ಕೆ ಏರಿತು. ಏನು ಹೇಳಿದಳೆಂದು ಸಂಜೆ ನಮಗೆಲ್ಲ ಬಿಡಿಸಿ ಹೇಳಿದಳು: ನಾವು ನೇಯುವವರು. ಈ ಓಣಿಯ ಮಗ್ಗಗಳು ನನಗಾಗಿ ನಿಂತಿವೆ. ಮಗ್ಗ ನಿಂತರೆ ಯಾರೋ ಹೋದರು ಅಂತ ಅರ್ಥ. ಇವರು ನನ್ನ ಅವ್ವನಿಗಾಗಿ ಅಳಲು ಬಂದಿದ್ದಾರೆ. ನನ್ನ ಅವ್ವ ಇಲ್ಲೇ ಇದ್ದಾಳೆ, ನೋಡಿರಿ. ಹೀಗೆಂದು ಲ್ಯಾಪ್‌ಟಾಪ್ ಮಂಚದ ಕಡೆ ತಿರುಗಿಸಿದಳು. ಆಯಿ ಸೆರಗು ತಲೆಗೆ ಎಳೆದುಕೊಂಡಳು. ಪ್ರೊಫೆಸರುಗಳಿಬ್ಬರೂ ಕುರ್ಚಿಯಿಂದ ಎದ್ದು, ಸೊಂಟ ಬಾಗಿಸಿ ಆಯಿಗೆ ನಮಸ್ಕರಿಸಿದರು. ಊದಿನಕಡ್ಡಿಯವಳೂ ಪರದೆಗೆ ಕೈ ಮುಗಿದಳು. ಆಯಿ ಮಾತ್ರ ಗಲಿಬಿಲಿಯಾಗದೆ, “ಕೂಡ್ರಿ, ಕೂಡ್ರಿ. ಚಾ ಕುಡದ ಹೋಗ್ರಿ” ಎಂದಳು. ಅತ್ತೆ ಅದನ್ನೂ ಅವರ ಭಾಷೆಗೆ ತಿರುಗಿಸಿದಳು. ಮುಂದಿನ ಇಪ್ಪತ್ತು ನಿಮಿಷ ಅವರು ಕೇಳಿದ್ದೆಲ್ಲ ಮಗ್ಗಗಳ ಬಗ್ಗೆ. ಅತ್ತೆ ಒದರಿದ್ದೇ ಒದರಿದ್ದು.

ಮೂರು ವಾರಕ್ಕೆ ಪತ್ರ ಬಂತು. ಮುಧೋಳಕ್ಕೆ ಸುದ್ದಿ ಮುಟ್ಟಿಸಲು ಹೋದವನು ಅಜ್ಜನೇ. ಅತ್ತೆ ಎಂಬತ್ತು ಕಟಕ ರೊಟ್ಟಿ, ಶೇಂಗಾ ಚಟ್ನಿ, ದುಂಡಪ್ಪ ಕಾಕಾ ಕೊಟ್ಟ ಒಂದು ತಾಮ್ರದ ಲೋಟ ಕಟ್ಟಿಕೊಂಡು ಹೋದಳು. ಮೊದಲ ವರ್ಷ ದಿನಾ ಫೋನು. ಎರಡನೆಯ ವರ್ಷ ರವಿವಾರಕ್ಕೊಮ್ಮೆ. ಆಮೇಲೆ ರೋಗದ ಕಾಲ ಬಂದು ವಿಮಾನಗಳು ನಿಂತವು. ಅಜ್ಜನ ಕಿವಿ ಪೂರ್ತಿ ಹೋಯಿತು. ಪರದೆಯಲ್ಲಿ ಮಗಳ ಮುಖ ಕಂಡರೆ ಸುಮ್ಮನೆ ಕೈ ಎತ್ತುತ್ತಿದ್ದ.

ಐದನೆಯ ವರ್ಷ ಅವಳು ಬಂದಳು. ಮಗ್ಗಗಳು ಇನ್ನೂ ಶುರುವಾಗದ ಬೆಳಗಿನ ಹೊತ್ತು, ಗಾಲಿಯ ಸೂಟ್‌ಕೇಸು ಓಣಿಯ ಕಲ್ಲುಗಳ ಮೇಲೆ ಬಡಿಯುತ್ತ ಬರುವುದು ದೂರದಿಂದಲೇ ಕೇಳಿಸಿತು. ಆಯಿ ಗಡಬಡಿಸಿ ಒಳಗೆ ಹೋಗಿ, ನೀರು ತುಂಬಿದ ತಂಬಿಗೆ ತಂದು ಹೊಸ್ತಿಲ ಹೊರಗಿಟ್ಟಳು. ಪಕ್ಕದಲ್ಲಿ ಬಸಿಯೊಳಗೆ ಒಂದು ತುಣುಕು ಬೆಲ್ಲ. ನಮ್ಮಲ್ಲಿ ಮನೆಯವರು ಹೊರಗಿನಿಂದ ಬಂದರೆ ಸೀದಾ ಬಚ್ಚಲಿಗೆ ಹೋಗಿ ಕಾಲು ತೊಳೆಯುತ್ತಾರೆ. ಹೊಸ್ತಿಲಿಗೆ ತಂಬಿಗೆ ಇಡುವುದು ಬೀಗರಿಗೆ, ನೆಂಟರಿಗೆ. ಇಟ್ಟ ಮೇಲೆ ಆಯಿಗೂ ಅದು ತಿಳಿದಿರಬೇಕು. ಮತ್ತೆ ಎತ್ತಿಕೊಳ್ಳಲು ಬಗ್ಗಿದಳು. ಅಷ್ಟರಲ್ಲಿ ಅತ್ತೆ ಬಂದಾಗಿತ್ತು. ಅವಳು ತಂಬಿಗೆ ನೋಡಿದಳು. “ಇರಲಿ ಬಿಡವ್ವಾ” ಎಂದು ಮೆಲ್ಲಗೆ ಹೇಳಿ, ಎರಡೂ ಕೈಯಿಂದ ಎತ್ತಿ, ಕಾಲಿಗೆ ನೀರು ಹಾಕಿಕೊಂಡಳು. ಬೆಲ್ಲ ಬಾಯಿಗಿಟ್ಟುಕೊಂಡಳು. ಅವಳ ದನಿ ಎಷ್ಟು ಸಣ್ಣದಾಗಿತ್ತೆಂದರೆ ಅಜ್ಜನಿಗಿರಲಿ, ನನಗೂ ಸರಿಯಾಗಿ ಕೇಳಿಸಿರಲಿಲ್ಲ. ಒಳಗೆ ಬಂದು, ಪಡಸಾಲೆಯ ನಡುವೆ, ಎಲ್ಲಿ ಕೂಡಬೇಕೆಂದು ಯಾರಾದರೂ ಹೇಳಲಿ ಎನ್ನುವಂತೆ ನಿಂತಳು. ನಾವು ಯಾರೂ ಹೇಳಲಿಲ್ಲ. ಅವಳು ತಾನಾಗಿ ಕೂಡಲಿ ಎಂದು ಎಲ್ಲರೂ ಕಾಯುತ್ತಿದ್ದೆವು.