ಶಿವಮಲ್ಲಮ್ಮನ ಮುಂದಿನ ಸೀಟು

ಟಿಕೆಟ್ ಕೊಡುವಾಗಲೇ ಮುಖ ನೋಡಿ, ಇವರು ವಾಂತಿ ಮಾಡುವವರು, ಇವರು ಮಾಡದವರು ಎಂದು ಶಿವಮಲ್ಲಮ್ಮ ಬೇರೆ ಮಾಡಿಬಿಡುತ್ತಿದ್ದರು. ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್ ಅವರು. ಘಾಟಿ ಶುರುವಾಗುವ ಮೊದಲೇ ವಾಂತಿಯವರನ್ನೆಲ್ಲ ಮುಂದಿನ ಸೀಟುಗಳಿಗೆ ತಂದು ಕೂರಿಸುತ್ತಿದ್ದರು.

ನಾನು ಯಳಂದೂರಿನ ಬಯಲಿನವನು. ಬೆಟ್ಟದ ಶಾಲೆಗೆ ಮೇಷ್ಟ್ರಾಗಿ ಹಾಕಿದಾಗ ಎಲ್ಲರೂ ಪುಣ್ಯವಂತ ಎಂದರು. ತಾಳಬೆಟ್ಟ ದಾಟಿದರೆ ಕಾಡು, ಬಿದಿರು, ಕಣಿವೆ, ಒಮ್ಮೊಮ್ಮೆ ಆನೆಯೂ ಉಂಟಂತೆ. ನಾನು ಕಂಡದ್ದು ಪ್ಲಾಸ್ಟಿಕ್ ಕವರಿನ ಒಳಭಾಗ ಮಾತ್ರ. ಬೆಟ್ಟದಲ್ಲೇ ಮನೆ ಮಾಡೋಣವೆಂದರೆ ಹೆಂಡತಿಯ ಕೆಲಸ ಕೊಳ್ಳೇಗಾಲದಲ್ಲಿ. ಕೊನೆಗೆ ರೋಸಿಹೋಗಿ, ಕೆಲಸವನ್ನೇ ಬಿಡುತ್ತೇನೆಂದು ಶಿವಮಲ್ಲಮ್ಮನ ಹತ್ತಿರ ಹೇಳಿಕೊಂಡೆ.

ಅಂದು ಮುಂದಿನ ಸೀಟಿನಲ್ಲಿ ಬಿಳಿ ಶರಟು, ಬಿಳಿ ಪಂಚೆಯ ಮುಖಂಡರೊಬ್ಬರಿದ್ದರು. ಜಾಗ ಬಿಡಿ ಎಂದರೆ ಜಪ್ಪಯ್ಯ ಅನ್ನಲಿಲ್ಲ. ಶಿವಮಲ್ಲಮ್ಮ ದನಿ ಏರಿಸಲಿಲ್ಲ.

“ಕೂತಿರಿ ಸಾ. ಮೇಷ್ಟ್ರು ನಿಮ್ಮ ಪಕ್ಕದಲ್ಲೇ ನಿಂತ್ಕತಾರೆ. ಅವ್ರಿಗೆ ವಾಂತಿ ಆಯ್ತದೆ, ಅಷ್ಟೆಯ.”

ಮುಖಂಡರು ಎದ್ದು ಹಿಂದಕ್ಕೆ ಹೋದರು.

ಆ ಸೀಟಿನಲ್ಲಿ ನನ್ನನ್ನು ಕೂರಿಸಿ ಶಿವಮಲ್ಲಮ್ಮ ನನಗೊಂದು ಕೆಲಸ ಕೊಟ್ಟರು. ಪ್ರತಿ ತಿರುವಿಗೂ ಮುಂಚೆಯೇ ರಸ್ತೆ ಎಡಕ್ಕೋ ಬಲಕ್ಕೋ ನೋಡಿ, ‘ಎಡಕ್ಕೆ’, ‘ಬಲಕ್ಕೆ’ ಎಂದು ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ ಕೂಗಬೇಕು. ನಾಚಿಕೆಯಿಂದಲೇ ಶುರು ಮಾಡಿದೆ. ಮಾದಪ್ಪನ ಹರಕೆಗೆ ಹೊರಟಿದ್ದ ಹೆಂಗಸರೂ ದನಿಗೂಡಿಸಿದರು. ಡ್ರೈವರ್ ತಲೆ ಚಚ್ಚಿಕೊಂಡ. ಬೆಟ್ಟ ಬಂದಾಗ ಕವರು ಮಡಿಸಿದ ಹಾಗೇ ಇತ್ತು. ನಾನು ಕಣಿವೆಯನ್ನು ಕಣ್ತುಂಬ ನೋಡಿದ್ದೆ. ಕೆಲಸ ಬಿಡಲಿಲ್ಲ.

ಹೋದ ವರ್ಷ ಶಿವಮಲ್ಲಮ್ಮ ನಿವೃತ್ತರಾದರು. ಕೊನೆಯ ಟ್ರಿಪ್ಪಿನ ದಿನ ಬೆಟ್ಟದ ಬಸ್ ನಿಲ್ದಾಣದಲ್ಲಿ ಹಾರ ಹಿಡಿದು ಹುಡುಕಿದರೆ, ಬಸ್ಸಿನ ಮರೆಯಲ್ಲಿ ಗೋಡೆ ಹಿಡಿದು ಬಾಗಿ ನಿಂತಿದ್ದರು. ಗಾಬರಿಯಾಗಿ ನೀರು ಕೊಟ್ಟೆ. ಬಾಯಿ ಮುಕ್ಕಳಿಸಿ ನಕ್ಕರು.

“ಇವತ್ತೊಂದಿನ ಅಲ್ಲ ಮೇಷ್ಟ್ರೆ, ದಿನಾ ಆಯ್ತದೆ. ನೀವು ಮುಂದೆ ನೋಡ್ಕಂಡು ಕೂರ್ತೀರಿ. ನಾನು ಇಂದಕ್ಕೆ ತಿರುಕ್ಕಂಡು ಟಿಕೆಟ್ ಕೊಡ್ಬೇಕಲ್ಲ.”

ಬೇರೆ ರೂಟು ಕೇಳಬಹುದಿತ್ತಲ್ಲ ಎಂದೆ.

“ಕೇಳ್ಬುಡುವಾ ಅಂತ ಎಷ್ಟೋ ಸಲ ಅನ್ಸ್ತು. ಆಮ್ಯಾಕೆ, ಈ ಜನವ ಯಾರು ನೋಡ್ಕತಾರೆ ಅನ್ಕಂಡು ಸುಮ್ಕಾದೆ.”

ಹಾರ ಹಾಕುವ ಮೊದಲು ಬಗ್ಗಿ ಅವರ ಕಾಲು ಮುಟ್ಟಿದೆ. ಮೇಷ್ಟ್ರು ಹೋಗಿ ಕಂಡಕ್ಟರ್ ಕಾಲಿಗೆ ಬೀಳುವುದೇ ಎಂದು ಸುತ್ತಲಿನವರು ನೋಡಿದರು. ನೋಡಲಿ.