ಕಣಗಿಲೆಯ ಬೇಲಿ ಆರಿಸಿದ್ದು ನಾನು

ಮದುವೆಯಾಗಿ ಆರು ವರ್ಷ ಗದಗಿನ ಒಂದು ಇಕ್ಕಟ್ಟಾದ ಓಣಿಯಲ್ಲಿ ಬಾಡಿಗೆಗಿದ್ದೆವು. ಬಾಗಿಲು ತೆಗೆದರೆ ಗಟಾರ. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಮುಂಡರಗಿ ರಸ್ತೆಯ ಕಡೆ ಹೊಸದಾಗಿ ಬಿದ್ದ ಪ್ಲಾಟುಗಳಲ್ಲಿ ಸಣ್ಣದೊಂದು ಮನೆ ಕಟ್ಟಿಕೊಂಡೆವು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನ ಗಂಡ ಕಚೇರಿಯೊಂದರಲ್ಲಿ ಗುಮಾಸ್ತ. ಶಿರಹಟ್ಟಿಯಿಂದ ಅತ್ತೆಯೂ ನಮ್ಮ ಜೊತೆ ಇರಲು ಬಂದರು. ಮೊದಲ ಸಲ ನಮಗೆ ಅಂಗಳವೆಂಬುದು ಸಿಕ್ಕಿತ್ತು, ಅದರಲ್ಲಿ ಏನು ಹಚ್ಚಬೇಕೆಂಬುದೇ ಮನೆಯಲ್ಲಿ ಮೂರು ತಿಂಗಳ ಮಾತಾಯಿತು.

ನನ್ನ ಗಂಡ ಧಾರವಾಡದಲ್ಲಿ ಸಾಹೇಬರೊಬ್ಬರ ಬಂಗಲೆ ನೋಡಿ ಬಂದಿದ್ದರು. ಅಲ್ಲಿ ಗೇಟಿನ ಎರಡೂ ಬದಿಗೆ ನವಿಲುಗರಿಯಂಥ ಎಲೆಯ ಮಯೂರಪಂಖಿ ಗಿಡ, ನಡುವೆ ಅಂತಸ್ತು ಅಂತಸ್ತಾಗಿ ಟೊಂಗೆ ಚಾಚಿದ ಕ್ರಿಸ್‌ಮಸ್ ಗಿಡ. ನಮ್ಮಲ್ಲೂ ಹಾಗೇ ಆಗಬೇಕು ಎಂದರು. ಅತ್ತೆಗೆ ಅದು ಸೇರಲಿಲ್ಲ.

“ಹೂ ಬಿಡಂಗಿಲ್ಲ, ಕಾಯಿ ಬಿಡಂಗಿಲ್ಲ. ದೇವರಿಗೆ ಏರಸಾಕ ಬರಂಗಿಲ್ಲ. ಅದಕ್ಕ ನೀರ ಯಾರ ಹಾಕಬೇಕು?” ಎಂದು ಕೇಳಿದರು. ಅವರಿಗೆ ದಾಸವಾಳ, ನಂದಿಬಟ್ಟಲು ಇದ್ದರೆ ಸಾಕಿತ್ತು.

ಮಳೆಗಾಲದ ಒಂದು ಮುಂಜಾನೆ ಗಂಡ ಹೆಂಡತಿ ಇಬ್ಬರೂ ಬೆಟಗೇರಿ ಕಡೆಯ ಒಬ್ಬ ಮಾಲಿಯ ಸಸಿತೋಟಕ್ಕೆ ಹೋದೆವು. ನಮ್ಮದು ಕಪ್ಪು ಎರೆ ಭೂಮಿ, ಬಾವಿಯ ನೀರು ಉಪ್ಪುಪ್ಪಾದ ಸವಳು ಎಂದು ತಿಳಿಯುತ್ತಲೇ ಮಾಲಿ ಕ್ರಿಸ್‌ಮಸ್ ಗಿಡ ಬೇಡವೇ ಬೇಡ ಎಂದ.

“ಬುಡದಾಗ ನೀರ ನಿಂತ್ರೂ ಸಾಯತೈತಿ, ಬಿಸಲ ಹೆಚ್ಚಾದ್ರೂ ಸಾಯತೈತ್ರಿ ಸಾಹೇಬ್ರ. ಮಯೂರಪಂಖಿ ಒಯ್ರಿ. ಕುಣಿಗೆ ಮರಳ ತುಂಬ್ರಿ.”

ನನ್ನ ಗಂಡನ ಮುಖ ಸಣ್ಣದಾಯಿತು. ಆದರೂ ಒಂದು ಕ್ರಿಸ್‌ಮಸ್ ಗಿಡವನ್ನು ಕೊಂಡೇ ಕೊಂಡರು. ಅದು ಮೊದಲ ಬೇಸಿಗೆಯಲ್ಲೇ ತುದಿಯಿಂದ ಕಂದಿ ಒಣಗಿತು.

ಬೇಲಿಗೆ ಅವರು ಮದರಂಗಿ ಬೇಕೆನ್ನುತ್ತಿದ್ದರು. ನನ್ನ ಕಣ್ಣು ಮಾತ್ರ ತೋಟದ ಅಂಚಿನಲ್ಲಿ ಗೊಂಚಲು ಗೊಂಚಲು ಅರಳಿದ್ದ ತಿಳಿಗುಲಾಬಿ ಕಣಗಿಲೆಯ ಮೇಲಿತ್ತು. ಸವಳು ನೀರಿಗೂ ಬರುತ್ತದೆ, ಕಹಿ ಇರುವುದರಿಂದ ದನ ಬಾಯಿ ಹಾಕುವುದಿಲ್ಲ ಎಂದು ಮಾಲಿ ಹೇಳಿದ. ಗಂಡ ಒಲ್ಲದ ಮನಸ್ಸಿನಿಂದ ಹೂಂ ಎಂದು ಟಾಂಗಾ ತರಲು ಹೋದರು. ಆಗ ಮಾಲಿ ಸಸಿಗಳ ಬೇರಿಗೆ ಗೋಣಿತಟ್ಟು ಸುತ್ತುತ್ತ ಇನ್ನೊಂದು ಮಾತು ಹೇಳಿದ.

“ಅಕ್ಕಾರ, ಕಡದ ಟೊಂಗಿ ಹೊರಗ ಒಗೀಬ್ಯಾಡ್ರಿ. ಬಾಡಿದ ಮ್ಯಾಲ ಅದರ ಕಹಿ ದನಕ್ಕ ತಿಳಿಯಂಗಿಲ್ಲ. ವಿಷ ಅದು. ಕುಣಿ ತೋಡಿ ಮುಚ್ಚಿಬಿಡ್ರಿ.”

ಟಾಂಗಾ ಬಂತು. ನಾನು ಆ ಮಾತನ್ನು ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಕಣಗಿಲೆ ಅಲ್ಲೇ ಉಳಿಯುತ್ತಿತ್ತು, ಮದರಂಗಿ ಬರುತ್ತಿತ್ತು. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಬೇಲಿ ಬೆಳೆದ ಮೇಲೆ ನಾನೇ ಕತ್ತರಿಸಿ ಹಿತ್ತಲಲ್ಲಿ ಹೂಳುತ್ತಿದ್ದೆ. ಯಾಕೆ ಎಂದು ಅತ್ತೆ ಕೇಳಿದರೆ, “ಗೊಬ್ಬರ ಆಗತೈತ್ರಿ ಅತ್ತಿ” ಎನ್ನುತ್ತಿದ್ದೆ.

ನಮ್ಮ ಮನೆಯ ಪಕ್ಕದ್ದು ಖಾಲಿ ಪ್ಲಾಟು. ಅದರಾಚೆ ತಗಡಿನ ಮನೆಯಲ್ಲಿ ಒಬ್ಬ ಹೆಂಗಸು ಒಂದು ಎಮ್ಮೆ ಕಟ್ಟಿಕೊಂಡು ಹಾಲು ಮಾರುತ್ತಿದ್ದಳು. ಹಗಲು ಎಮ್ಮೆಯನ್ನು ಆ ಪ್ಲಾಟಿನಲ್ಲಿ ಮೇಯಲು ಬಿಡುತ್ತಿದ್ದಳು. ದಿನಾ ಮುಂಜಾನೆ ನಮಗೆ ಹಾಲು ತಂದು, ಅತ್ತೆಯ ಹತ್ತಿರ ಕುಳಿತು ಎಲೆ ಅಡಿಕೆ ಹಾಕಿಕೊಂಡು ಹೋಗುವುದು ಅವಳ ರೂಢಿ. ಎದುರಿಗೆ ಜಂಪರು ಹೊಲಿಯುವ ಇನ್ನೊಬ್ಬಳಿದ್ದಳು, ಶಿಗ್ಲಿಯ ಕಡೆಯಿಂದ ಬಂದವಳು. ಇಬ್ಬರೂ ಗೆಳತಿಯರು.

ಬೇಲಿ ಹಚ್ಚಿದ ಮೂರನೆಯ ವರ್ಷ ಒಂದು ರವಿವಾರ ಸಂಜೆ ನನ್ನ ಗಂಡನ ಮೇಲಧಿಕಾರಿ ಚಹಾಕ್ಕೆ ಬರುವವರಿದ್ದರು. ಮುಂಜಾನೆಯೇ ನನ್ನ ಗಂಡ ಕತ್ತರಿ ಹಿಡಿದು ಬೇಲಿಯನ್ನು ಗೋಡೆಯಂತೆ ಸಮ ಮಾಡಿ, ಕಡಿದ ಟೊಂಗೆಗಳನ್ನೆಲ್ಲ ಖಾಲಿ ಪ್ಲಾಟಿಗೆ ಎಸೆದರು. ಅಡುಗೆಮನೆಯ ಕಿಟಕಿಯಿಂದ ನಾನು ನೋಡಿದೆ. ಕೈಯಲ್ಲಿ ಹಿಟ್ಟಿತ್ತು, ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಅತಿಥಿಗಳು ಹೋದ ಮೇಲೆ ತೆಗೆದರಾಯಿತು ಎಂದುಕೊಂಡೆ. ಅವರು ಹೋದಾಗ ಕತ್ತಲಾಗಿತ್ತು. ಮರುದಿನ ಮುಂಜಾನೆ ಶಾಲೆಯ ಗಡಿಬಿಡಿ.

ಸೋಮವಾರ ಸಂಜೆ ನಾನು ಶಾಲೆಯಿಂದ ಬರುವಾಗ ತಗಡಿನ ಮನೆಯ ಮುಂದೆ ಜನ ಸೇರಿದ್ದರು. ಎಮ್ಮೆ ಕಾಲು ಚಾಚಿ ಬಿದ್ದಿತ್ತು. ದನದ ಡಾಕ್ಟರನ್ನು ಕರೆಯಲು ಹೋದವರು ಬರುವ ಮೊದಲೇ ಅದರ ಉಸಿರು ನಿಂತಿತ್ತು. ಹಾವು ಮುಟ್ಟಿರಬೇಕು ಎಂದರು ಕೆಲವರು. ನಾನು ಖಾಲಿ ಪ್ಲಾಟಿಗೆ ಹೋಗಿ ನೋಡಿದೆ. ಬಾಡಿದ ಟೊಂಗೆಗಳಲ್ಲಿ ಅರ್ಧ ಎಲೆಗಳೇ ಇರಲಿಲ್ಲ. ಉಳಿದಿದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದು ಹಿತ್ತಲಲ್ಲಿ ಹೂಳಿದೆ. ಆಗಲೂ ಯಾರಿಗೂ ಹೇಳಲಿಲ್ಲ.

ನಾಲ್ಕು ದಿನ ಬಿಟ್ಟು ಹಾಲಿನವಳು ಅತ್ತೆಯ ಹತ್ತಿರ ಬಂದು ಕುಳಿತಳು.

“ಹಾವಲ್ರಿ ಯವ್ವಾ. ದೃಷ್ಟಿ ಆಗೈತಿ. ಹಿಂದಿನ ದಿನಾ ಆ ಹೊಲಿಗಿಯಾಕಿ ಬಂದು, ‘ಎಷ್ಟ ಹಾಲ ಕೊಡತೈತಿ ನಿನ್ನ ಎಮ್ಮಿ’ ಅಂದ್ಲು. ಆಕಿ ಕಣ್ಣ ಚಲೋ ಅಲ್ಲ.”

ನಾನು ಒಳಗೆ ಮಕ್ಕಳ ನೋಟುಬುಕ್ಕು ತಿದ್ದುತ್ತಿದ್ದೆ. ಎದ್ದು ಹೊರಗೆ ಬಂದು ಹೇಳಬೇಕಾಗಿತ್ತು. ಇನ್ನೊಂದು ನೋಟುಬುಕ್ಕು ತೆಗೆದು ತಿದ್ದುತ್ತ ಕುಳಿತೆ. ಆ ವಾರವೇ ಹಾಲಿನವಳು ಹೊಲಿಗೆಯವಳ ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈದಳು. ಅವಳ ಹತ್ತಿರ ಜಂಪರು ಕೊಡುವುದನ್ನು ಒಬ್ಬೊಬ್ಬರೇ ನಿಲ್ಲಿಸಿದರು. ಅವಳನ್ನು ಕಂಡರೆ ತಾಯಂದಿರು ಕೂಸುಗಳಿಗೆ ಸೆರಗು ಮುಚ್ಚತೊಡಗಿದರು.

ಹೀಗೇ ಹದಿನೈದು ದಿನ ಕಳೆದವು. ಕೊನೆಗೆ ಗಂಡನಿಗೆ ಹೇಳಿದೆ. ಅವರು, “ಒಗದಾಂವ ನಾನು, ಖರೆ. ಆದರ ನೀ ಮೂರು ವರ್ಷ ಯಾಕ ಬಾಯಿ ಬಿಡಲಿಲ್ಲ?” ಎಂದರು.

ಇಬ್ಬರೂ ಹಾಲಿನವಳ ಮನೆಗೆ ಹೋದೆವು. ಆಕೆ ಪೂರ್ತಿ ಕೇಳಿಸಿಕೊಂಡಳು. ಬೈಯಲಿಲ್ಲ.

“ಅವತ್ತ ಹೇಳಿದ್ರ ನಾ ಅದನ್ನ ಬಿಡತಿದ್ದಿಲ್ರಿ ಅಕ್ಕಾರ, ಕಟ್ಟಿ ಹಾಕತಿದ್ದೆ,” ಎಂದಷ್ಟೇ ಅಂದಳು.

ಶಿರಹಟ್ಟಿಯ ಅತ್ತೆಯ ಮನೆಯಿಂದ ಇನ್ನೂ ಈಯದ ಒಂದು ಎಮ್ಮೆಯ ಮಣಕವನ್ನು ಹೊಡೆಸಿಕೊಂಡು ಬಂದು ಅವಳ ಗೂಟಕ್ಕೆ ಕಟ್ಟಿಸಿದೆವು. ಅವಳು ಬೇಡ ಎನ್ನಲಿಲ್ಲ. ಅದು ಈದು ಹಾಲು ಕೊಡತೊಡಗಿದ ಮೇಲೂ ನಮ್ಮ ಮನೆಗೆ ಮಾತ್ರ ಹಾಲು ಬರಲಿಲ್ಲ. ಬೇಲಿಯನ್ನು ನನ್ನ ಗಂಡ ಬೇರುಸಹಿತ ಕಿತ್ತರು. ಅತ್ತೆ ಅಲ್ಲಿ ಏನನ್ನೂ ಹಚ್ಚಗೊಡಲಿಲ್ಲ.

ಹಾಲಿನವಳಿಗೆ ಹೇಳಿದ ದಿನವೇ ಸಂಜೆ ಹೊಲಿಗೆಯವಳ ಹತ್ತಿರ ನಾನೊಬ್ಬಳೇ ಹೋದೆ. ನಾನು ಹೇಳಿದ್ದನ್ನೆಲ್ಲ ಅವಳು ಮಷೀನು ನಿಲ್ಲಿಸಿ ಕೇಳಿಸಿಕೊಂಡಳು.

“ಹೇಳಿದ್ದು ಚಲೋ ಆತ್ರಿ. ಆದರ ಆಕಿ ನನ್ನ ಬಾಗಲಾಗ ನಿಂತು ಅಂದದ್ದು ಇಡೀ ಓಣಿ ಕೇಳೈತಿ. ನೀವು ಹೇಳಿದ್ದು ನಾ ಒಬ್ಬಾಕಿ ಕೇಳೀನಿ,” ಎಂದು ಮತ್ತೆ ಮಷೀನು ತುಳಿಯತೊಡಗಿದಳು.

ಮರುದಿನ ಮುಂಜಾನೆ ನಾನೂ ಕೊಡ ತೆಗೆದುಕೊಂಡು ಬೀದಿಯ ನಳಕ್ಕೆ ಹೋದೆ. ಹತ್ತು ಹನ್ನೆರಡು ಹೆಂಗಸರು ಪಾಳಿ ಹಚ್ಚಿದ್ದರು. ಹಾಲಿನವಳೂ ಇದ್ದಳು, ಹೊಲಿಗೆಯವಳು ಎಲ್ಲರಿಗಿಂತ ಹಿಂದೆ ದೂರ ನಿಂತಿದ್ದಳು. ಮಾಲಿ ಹೇಳಿದ್ದು, ನಾನು ಮುಚ್ಚಿಟ್ಟಿದ್ದು, ಕಿಟಕಿಯಿಂದ ನೋಡಿಯೂ ಸುಮ್ಮನಿದ್ದದ್ದು, ಎಲ್ಲವನ್ನೂ ಹೇಳಿದೆ. ಒಬ್ಬಳ ಕೊಡ ತುಂಬಿ ನೀರು ಹೊರಚೆಲ್ಲುತ್ತಿತ್ತು.

ಆಗ ಹಾಲಿನವಳು ತನ್ನ ಕೊಡವನ್ನು ಬದಿಗೆ ಸರಿಸಿ, ಹಿಂದೆ ತಿರುಗಿ, “ಬಾರವಾ, ನೀ ಮೊದಲ ಹಿಡಿ,” ಎಂದು ಹೊಲಿಗೆಯವಳನ್ನು ಕರೆದಳು. ಅವಳು ತುಸು ಹೊತ್ತು ನಿಂತು, ಆಮೇಲೆ ಬಂದಳು. ಅವರಿಬ್ಬರೂ ಮತ್ತೆ ಮೊದಲಿನಂತಾದರು ಎಂದು ಆಮೇಲೆ ಕೇಳಿದೆ. ನನ್ನ ಜೊತೆ ಮಾತ್ರ, ನಮಗೆ ಲಕ್ಷ್ಮೇಶ್ವರಕ್ಕೆ ವರ್ಗವಾಗುವವರೆಗೂ, ಇಬ್ಬರೂ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರು.