ನಿಂಗವ್ವನ ಹಾಡು ಅಳಿಸಿದ ಮೌಲಾ ಚಾಚಾ

ಮೌಲಾ ಚಾಚಾ ಮೆಮೊರಿ ಕಾರ್ಡನ್ನು ಕೈಗೆ ತೆಗೆದುಕೊಂಡರೆ ಮೊದಲು ಅಂಗಿಯ ತುದಿಗೆ ಒರೆಸಿ, ಎರಡು ಸಲ ಊದಿ, ಆಮೇಲೆ ಕನ್ನಡಕದ ಮೇಲಿಂದ ನೋಡಿ ಕೇಳುತ್ತಿದ್ದರು: “ಯಾರ್ ಕೇಳವ್ರು?” ಯಾವ ಹಾಡು ಬೇಕು ಎಂದು ಕೇಳಿದವರೇ ಅಲ್ಲ. ಟ್ರ್ಯಾಕ್ಟರ್ ಹೊಡೆಯುವ ಅಪ್ಪನಿಗೆ ಎಂದರೆ ಒಂದು ನಮೂನೆ, ಅಜ್ಜಿಗೆ ಎಂದರೆ ಇನ್ನೊಂದು. ಕಾಲೇಜಿನ ಹುಡುಗನೊಬ್ಬ ನಾಚಿಕೊಂಡು “ನಮ್ಮವ್ವಗ್ರಿ” ಎಂದು ಸುಳ್ಳು ಹೇಳಿದ. ಮನೆಗೆ ಹೋಗಿ ಕೇಳಿದರೆ ಬರೀ ಭಜನೆ.

ಅಫಜಲಪುರದ ಬಸ್‌ಸ್ಟ್ಯಾಂಡಿನ ಎದುರು ಅವರ ಅಂಗಡಿ. ಒಂದು ಹಳೇ ಕಂಪ್ಯೂಟರು, ಒಂದು ಸ್ಟೂಲು, ಗೋಡೆಗೆ ಒರಗಿದ ಸ್ಪೀಕರು. ಸಿನಿಮಾ, ಧಾರಾವಾಹಿ, ಗೀಗೀ ಪದ, ಕವ್ವಾಲಿ, ಎಲ್ಲವೂ ಕದ್ದ ಮಾಲು, ಸುಳ್ಳೇಕೆ ಹೇಳಲಿ. ಕರಜಗಿಯಿಂದ ಸಂತೆಗೆ ಬಂದ ನಾವು ಕಾಯಿಪಲ್ಲೆ ಕೊಳ್ಳುವ ಮುಂಚೆ ಕಾರ್ಡು ಕೊಟ್ಟು ಹೋಗುತ್ತಿದ್ದೆವು. ಅದು ಕಳವು ಎಂದು ನಮಗೆ ಅನಿಸಿರಲೇ ಇಲ್ಲ. ಹಾಡು ಗಾಳಿಯಲ್ಲಿ ಇರುವಂಥದು, ಚಾಚಾ ಹಿಡಿದು ಕೊಡುತ್ತಾರೆ, ಅಷ್ಟೇ.

ನಮ್ಮವ್ವನಿಗೆ ನಿಂಗವ್ವನ ಹಾಡೆಂದರೆ ಜೀವ. ನಿಂಗವ್ವ ಘತ್ತರಗಿಯ ಭಾಗ್ಯವಂತಿ ಗುಡಿಯ ಮುಂದೆ ಹಾಡುವ ಹೆಣ್ಣುಮಗಳು. ಸೊಲ್ಲಾಪುರಕ್ಕೆ ಹೋಗಿ ತಾನೇ ತನ್ನ ಹಾಡುಗಳ ಸಿಡಿ ಮಾಡಿಸಿ, ಅಮಾವಾಸ್ಯೆಗೊಮ್ಮೆ ಗುಡಿಯ ಹತ್ತಿರ ಗೋಣಿಚೀಲ ಹಾಸಿ ಮಾರುತ್ತಿದ್ದಳು. ಚಾಚಾ ಅದರಲ್ಲಿ ಒಂದು ಸಿಡಿ ಕೊಂಡು, ಸೀಮೆಯ ಕಾರ್ಡುಗಳಿಗೆಲ್ಲ ತುಂಬಿದರು.

ಆಕೆ ಅಂಗಡಿಗೆ ಬಂದ ದಿನ ನಾನೂ ಅಲ್ಲಿದ್ದೆ.

“ಅಣ್ಣಾ, ನನ್ನ ಹಾಡ ನಿನ್ನ ಅಂಗಡ್ಯಾಗ ಹತ್ತಿದ್ದು ಕೇಳಿ ಭಾಳ ಖುಷಿ ಆತು. ಊರೂರಾಗ ಕೇಳಾಕತ್ತಾರ. ಆದ್ರ ಮೂರ ಅಮಾಸಿ ಆತು, ಒಂದ ಸಿಡಿ ಹೋಗಿಲ್ಲ ನೋಡಪಾ.”

ಬೈದಿದ್ದರೆ ಚಾಚಾ ತಿರುಗಿ ಬೈಯುತ್ತಿದ್ದರು, ಅದರಲ್ಲಿ ಅವರದು ಪಳಗಿದ ಬಾಯಿ. ಆಕೆ ಬೈಯಲಿಲ್ಲ. ಚಾಚಾನ ಮುಖ ಇಳಿಯಿತು. ಆಕೆಯನ್ನು ತಮ್ಮ ಸ್ಟೂಲಿನ ಮೇಲೆ ಕೂರಿಸಿ, ಕಣ್ಣೆದುರೇ ಒಂದೊಂದಾಗಿ ಹಾಡು ಅಳಿಸಿದರು. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ತೆರೆದು ತೋರಿಸಿ ಖಾಲಿ ಮಾಡಿದರು. ಕೊಂಡಿದ್ದ ಸಿಡಿಯನ್ನೂ ಆಕೆಯ ಕೈಗೇ ಇಟ್ಟರು.

“ನೋಡ್ಕೊ ಬೇ ತಂಗಿ, ಖಲಾಸ್. ಇನ್ನ ನಿನ್ನ ಹಾಡ ಕದಿಯೋದು ನನಗ ಹರಾಮ್.”

ಮರುವರ್ಷ ಅವ್ವನ ಕಾರ್ಡು ಕೆಟ್ಟಿತು. ನಿಂಗವ್ವನ ಹಾಡು ಹಾಕಿಕೊಡಿ ಎಂದು ಚಾಚಾನ ಮುಂದೆ ಗೋಗರೆದೆ.

“ಘತ್ತರಗಿಗೆ ಹೋಗು. ಅಕಿ ಕೈಯಿಂದ ಸಿಡಿ ತಗೊಂಡ ಬಾ, ಪುಗಸಟ್ಟೆ ತುಂಬಿಕೊಡ್ತೀನಿ.”

“ಯಾಕ್ರಿ ಚಾಚಾ, ಬ್ಯಾರೆ ಹಾಡೆಲ್ಲ ಕೊಡ್ತೀರಿ?”

“ಅವರ‍್ಯಾರೂ ನನ್ನ ಸ್ಟೂಲಿನ ಮ್ಯಾಲ ಬಂದು ಕುಂತಿಲ್ಲಲ್ಲ ಬೇಟಾ.”

ನನಗೆ ಸಿಟ್ಟು ಬಂತು. ಊರೆಲ್ಲ ದೋಚುವ ಮನುಷ್ಯನಿಗೆ ನನ್ನ ಪಾಲಿಗೇ ನಿಯತ್ತು ಬರಬೇಕೆ? ಇವತ್ತಲ್ಲ ನಾಳೆ ಎನ್ನುತ್ತ ಘತ್ತರಗಿಗೆ ಹೋಗಲೇ ಇಲ್ಲ. ಅಷ್ಟರಲ್ಲಿ ನಿಂಗವ್ವ ತೀರಿಕೊಂಡಳು.

ಈಗ ನಾನು ಕಲಬುರಗಿಯಲ್ಲಿ ಶಾಲೆಯ ಟೀಚರು. ತಿಂಗಳು ತಿಂಗಳು ಹಣ ಕಟ್ಟುವ ಆ್ಯಪ್ ಫೋನಿನಲ್ಲಿದೆ. ಜಾಹೀರಾತಿಲ್ಲ, ವೈರಸ್ಸಿಲ್ಲ, ಅರ್ಧಕ್ಕೆ ನಿಲ್ಲುವ ಸಿನಿಮಾ ಇಲ್ಲ, ಬಾಯಲ್ಲಿ ಹೆಸರು ಹೇಳಿದರೆ ಸಾಕು, ಹಾಡು ಹತ್ತುತ್ತದೆ. ಹಾಯಾಗಿದೆ, ಸುಮ್ಮನೆ ಯಾಕೆ ಬೈಯಲಿ. ಆದರೆ ಲಕ್ವಾ ಹೊಡೆದು ಹಾಸಿಗೆ ಹಿಡಿದ ಅವ್ವ, ತಿಂಗಳುಗಟ್ಟಲೆ ತುಟಿ ಬಿಚ್ಚದವಳು, ಒಂದು ಮುಂಜಾನೆ ತೊದಲುತ್ತ “ನಿಂಗವ್ವನ ಹಾಡ ಹಚ್ಚು” ಎಂದಳು. ಹುಡುಕಿದೆ. ಲೋಕದ ಹಾಡೆಲ್ಲ ಇದ್ದವು, ನಿಂಗವ್ವ ಇರಲಿಲ್ಲ. ಘತ್ತರಗಿಯ ನಿಂಗವ್ವನ ಮನೆಯಲ್ಲಿ ಉಳಿದಿದ್ದ ಒಂದೇ ಸಿಡಿ ಗೀರು ಬಿದ್ದು ಓಡಲಿಲ್ಲ. ಕರಜಗಿಯಲ್ಲಿ ವಿಚಾರಿಸಿದರೆ, ಹಳೇ ಫೋನುಗಳ ಸಂಗಡ ಕಾರ್ಡುಗಳೂ ಹೋಗಿದ್ದವು.

ಕೊನೆಗೆ ಚಾಚಾನ ಹತ್ತಿರ ಹೋದೆ. ಅಂಗಡಿಯಲ್ಲಿ ಈಗ ಫೋನಿನ ಕವರುಗಳು ನೇತಾಡುತ್ತಿದ್ದವು. ವಿಷಯ ಕೇಳಿ ಅವರು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು.

“ಜಿಂದಗಿದಾಗ ಒಮ್ಮೆ ನಿಯತ್ತಿಂದ ನಡದೀನಿ ಬೇಟಾ. ಅದರಾಗ ನಿಮ್ಮವ್ವನ ಹಾಡ ಕಳದೆ.”

“ನೀವು ಹೋಗು ಅಂದಿದ್ರಿ. ನಾನೇ ಹೋಗಲಿಲ್ರಿ.”

“ಫೋನ್ ಹಿಡಿ, ರೆಕಾರ್ಡ್ ಮಾಡ್ಕೊ,” ಎಂದರು. ಶಟರ್ ಅರ್ಧ ಇಳಿಸಿ, ಟೋಪಿ ಸರಿಮಾಡಿಕೊಂಡು, ಕೆಮ್ಮಿ, ನಿಂಗವ್ವನ ಭಾಗ್ಯವಂತಿ ಹಾಡನ್ನು ತಾವೇ ಹಾಡತೊಡಗಿದರು. ಕಾರ್ಡು ತುಂಬಿ ಪರೀಕ್ಷೆಗೆಂದು ಹಚ್ಚಿ ಹಚ್ಚಿ ಬಾಯಿಪಾಠವಾಗಿತ್ತಂತೆ. ಒಡಕು ದನಿ. ಮೂರನೇ ನುಡಿಯಲ್ಲಿ ಸಾಲು ಮರೆತು ಬರೀ ರಾಗ ಎಳೆದರು. ಆಮೇಲೆ ನಾನವರನ್ನು ನೋಡಲಿಲ್ಲ. ಬೇಸಿಗೆ ಮುಗಿಯುವುದರೊಳಗೆ ಅವರು ತೀರಿಹೋದ ಸುದ್ದಿ ಬಂತು.

ಚಾಚಾ ಹಾಡಿದ್ದನ್ನು ತಂದ ದಿನವೇ ಅವ್ವನ ದಿಂಬಿನ ಹತ್ತಿರ ಫೋನಿಟ್ಟು ಹಚ್ಚಿದ್ದೆ. ಕಣ್ಣು ಮುಚ್ಚಿ ಕೇಳಿದಳು. ಮೂರನೇ ನುಡಿ ಬಂತು. ಚಾಚಾ ಮರೆತಲ್ಲಿ ಅವ್ವ ಸೊಟ್ಟಗಾದ ಬಾಯಿಂದಲೇ ಆ ಸಾಲನ್ನು ಪೂರ್ತಿ ಹಾಡಿದಳು.

“ಮೌಲಾ ತಪ್ಪ್ಯಾನ,” ಎಂದಳು. “ಮತ್ತೊಮ್ಮಿ ಹಚ್ಚು.”